ಕಾಳಿನ ಕೂಲಿಯಿಂದ ತುಟ್ಟಿಭತ್ಯೆಯವರೆಗೆ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ರೈಲು ದಾರಿಯಲ್ಲಿ ಯಶವಂತಪುರ, ಚಿಕ್ಕಬಾಣಾವರ ದಾಟಿದ ಮೇಲೆ ಸೋಲದೇವನಹಳ್ಳಿ ಎಂಬ ಸಣ್ಣ ನಿಲ್ದಾಣ ಸಿಗುತ್ತದೆ. ಊರು ಈಗ ಸಣ್ಣದಾಗಿ ಉಳಿದಿಲ್ಲ. ಹೆಸರಘಟ್ಟ ರಸ್ತೆಯ ಎರಡೂ ಕಡೆ ಕಾಲೇಜುಗಳು, ಪಿ.ಜಿ.ಗಳು, ಸೆಂಟ್ರಿಂಗ್ ಬಿಚ್ಚದ ಮಹಡಿಗಳು. ಬೆಳಗಾದರೆ ತಗಡಿನ ಶೆಡ್ಡುಗಳಿಂದ ಬುತ್ತಿ ಹಿಡಿದು ಹೊರಡುವವರಲ್ಲಿ ರಾಯಚೂರು, ಯಾದಗಿರಿ ಕಡೆಯ ಗಾರೆ ಕೆಲಸದವರಿದ್ದಾರೆ, ಬಿಹಾರ, ಒಡಿಶಾದಿಂದ ಬಂದ ಕಂಬಿ ಕಟ್ಟುವವರಿದ್ದಾರೆ. ಇಂಥವರೊಬ್ಬರನ್ನು ನಾವು ಮಾತಿಗೆಳೆದು, "ನಿಮಗೆ ತುಟ್ಟಿಭತ್ಯೆ ಎಷ್ಟು ಸಿಗುತ್ತದೆ?" ಎಂದು ಕೇಳಿದೆವು. ಅವರು ನಕ್ಕು, "ಅದು ಗೌರ್ಮೆಂಟ್ ನೌಕರರಿಗೆ ಅಲ್ಲೇನ್ರಿ ಸರ?" ಎಂದರು.

ಆ ನಗುವಿನಲ್ಲಿ ತಪ್ಪೇನೂ ಇಲ್ಲ. ನಾವೆಲ್ಲ ನಂಬಿಕೊಂಡು ಬಂದದ್ದೂ ಹಾಗೆಯೇ. ಆದರೆ ಚರಿತ್ರೆಯ ಪುಟ ತಿರುವಿದರೆ ಬೇರೆಯೇ ಕಥೆ ಕಾಣುತ್ತದೆ. ಧಾನ್ಯದ ಬೆಲೆ ಏರಿದಂತೆ ಕೂಲಿಯೂ ಏರಬೇಕು ಎಂಬ ಲೆಕ್ಕವನ್ನು ನಮ್ಮ ದೇಶದಲ್ಲಿ ಸರ್ಕಾರ ಬರೆದು ಒಪ್ಪಿಕೊಂಡದ್ದು ಕಚೇರಿಯ ನೌಕರನಿಗಾಗಿ ಅಲ್ಲ, ಮಣ್ಣು ಹೊರುವವನಿಗಾಗಿ.

1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಬಡಿದ ಬರವನ್ನು ಹಿರಿಯರು ಧಾತು-ಈಶ್ವರ ಸಂವತ್ಸರಗಳ ಬರ ಎಂದು ನೆನೆಯುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ 50 ಲಕ್ಷ 55 ಸಾವಿರ. ಹತ್ತು ವರ್ಷಗಳ ನಂತರ ಎಣಿಸಿದಾಗ 41 ಲಕ್ಷ 86 ಸಾವಿರ. ಹಸಿದು ಬಂದವರಿಗೆ ಗಂಜಿ ಕೇಂದ್ರಗಳ ಜೊತೆಗೆ ಕೆರೆ, ರಸ್ತೆ, ರೈಲು ದಾರಿಯ ಕೆಲಸ ಕೊಡಲಾಯಿತು. ಬೆಂಗಳೂರು-ಮೈಸೂರು ರೈಲು ದಾರಿಯ ಮಣ್ಣು ಕೆಲಸ ನಡೆದದ್ದೂ ಬರ ಪರಿಹಾರದ ಕಾಮಗಾರಿಯಾಗಿ. ಕೂಲಿ ಎಷ್ಟು ಕೊಡಬೇಕು ಎಂಬುದೇ ಆಗ ದೊಡ್ಡ ಜಗಳ. ವೈಸ್‌ರಾಯ್ ಲಿಟ್ಟನ್ 1877ರಲ್ಲಿ ದಕ್ಷಿಣಕ್ಕೆ ಕಳಿಸಿದ ಸರ್ ರಿಚರ್ಡ್ ಟೆಂಪಲ್, ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ, ಮೇಲೆ ಸ್ವಲ್ಪ ಚಿಲ್ಲರೆ ಸಾಕು ಎಂದ. ಹೆಣ್ಣಾಳಿಗೆ ಇನ್ನೂ ಕಡಿಮೆ. ಒಂದು ಪೌಂಡ್ ಎಂದರೆ ಅರ್ಧ ಕಿಲೋಗಿಂತ ಕಡಿಮೆ. ದಿನವಿಡೀ ಗುದ್ದಲಿ ಹಿಡಿಯುವ ಮೈಗೆ ಅದು ಯಾವ ಲೆಕ್ಕ? ಮದ್ರಾಸಿನ ಆರೋಗ್ಯ ಕಮಿಷನರ್ ಡಾ. ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು. ಮುಂಬಯಿ ಪ್ರಾಂತ್ಯದಲ್ಲಿ ಕೂಲಿಗಳು ಕಾಮಗಾರಿಯನ್ನೇ ಬಿಟ್ಟು ನಡೆದರು. ಕೆಲವೇ ತಿಂಗಳಲ್ಲಿ ಮದ್ರಾಸ್ ಸರ್ಕಾರ ಕೂಲಿ ಏರಿಸಬೇಕಾಯಿತು.

ಬರ ಮುಗಿದ ಮೇಲೆ 1880ರಲ್ಲಿ ಕ್ಷಾಮ ಆಯೋಗದ ವರದಿ ಬಂತು, ಅದರ ಆಧಾರದ ಮೇಲೆ 1883ರಲ್ಲಿ ಕ್ಷಾಮ ಸಂಹಿತೆ. ಅದರಲ್ಲಿ ಕೂಲಿಯನ್ನು ಇಂತಿಷ್ಟು ಆಣೆ ಎಂದು ಕಟ್ಟಿಹಾಕಲಿಲ್ಲ. ಇಂತಿಷ್ಟು ಧಾನ್ಯ ಕೊಳ್ಳುವಷ್ಟು ಹಣ ಎಂದು ಇಟ್ಟರು. ಪೇಟೆಯಲ್ಲಿ ರಾಗಿ ತುಟ್ಟಿಯಾದರೆ ಕೂಲಿಯ ಆಣೆಯೂ ಹೆಚ್ಚಬೇಕು. ಇಂದು ನಾವು ವ್ಯತ್ಯಾಸದ ತುಟ್ಟಿಭತ್ಯೆ ಎನ್ನುವುದರ ಬೀಜ ಇಲ್ಲಿದೆ. ಸಾಯದಷ್ಟು ಮಾತ್ರ ಕೊಡಬೇಕು ಎಂಬ ಜಿಪುಣತನದಿಂದ ಹುಟ್ಟಿದ ಬೀಜ ಎಂಬುದನ್ನೂ ಮರೆಯಬಾರದು.

ಸೋಲದೇವನಹಳ್ಳಿಗೂ ಈ ಕಾಲಕ್ಕೂ ನಂಟಿದೆ. ಊರಿನ ಮೇಲೆ ಹಾಯುವ ತುಮಕೂರು ರೈಲು ದಾರಿ 1884ರಲ್ಲಿ ತೆರೆಯಿತು. ಅದಾದ ಹತ್ತು ವರ್ಷಕ್ಕೆ, ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟೆ ಕಟ್ಟಿ ಬೆಂಗಳೂರಿಗೆ ಕುಡಿಯುವ ನೀರು ತರುವ ಯೋಜನೆ ಬಂತು. ಇಟ್ಟಿಗೆ ಕಾಲುವೆಯಲ್ಲಿ ಹರಿದು ಬಂದ ನೀರನ್ನು ಸೋಲದೇವನಹಳ್ಳಿಯಲ್ಲಿ ಉಗಿ ಯಂತ್ರಗಳು ಮೇಲಕ್ಕೆತ್ತಿ ಮಲ್ಲೇಶ್ವರದ ಕಡೆಗೆ ತಳ್ಳುತ್ತಿದ್ದವು. ಮಹಾರಾಜರ ಹೆಸರಿನಲ್ಲಿ ಚಾಮರಾಜೇಂದ್ರ ಜಲ ಕಾಮಗಾರಿ ಎಂದು ಕರೆದರು. ಇಟ್ಟಿಗೆ ಹೊತ್ತವರ ದಿನಗೂಲಿ ಎಷ್ಟಿತ್ತು ಎಂದು ನಾವು ಓದಿದ ಯಾವ ಪುಸ್ತಕವೂ ಹೇಳುವುದಿಲ್ಲ.

ತುಟ್ಟಿಭತ್ಯೆ ಎಂಬ ಹೆಸರು ಬಂದದ್ದು ಮಹಾಯುದ್ಧಗಳ ಕಾಲದಲ್ಲಿ, ಮುಂಬಯಿ, ಅಹಮದಾಬಾದಿನ ಗಿರಣಿಗಳಿಂದ. 1940ರಲ್ಲಿ ರೈಲ್ವೆ ನೌಕರರ ತುಟ್ಟಿಭತ್ಯೆಯನ್ನು ವಿಚಾರಿಸಿದ ನ್ಯಾಯಮಂಡಳಿಗೆ ಅಧ್ಯಕ್ಷರಾಗಿದ್ದವರು ನಮ್ಮ ಕರಾವಳಿ ಮೂಲದ ಬೆನಗಲ್ ನರಸಿಂಗ ರಾವ್. ಮುಂದೆ ಸಂವಿಧಾನ ಸಭೆಗೆ ಸಲಹೆಗಾರರಾದವರೂ ಅವರೇ. 1948ರಲ್ಲಿ ಕನಿಷ್ಠ ವೇತನ ಕಾಯ್ದೆ ಬಂತು. ಅದರ ಮೊದಲ ಪಟ್ಟಿಯಲ್ಲೇ ರಸ್ತೆ ಮತ್ತು ಕಟ್ಟಡ ಕೆಲಸ ಸೇರಿತ್ತು. ಮೂಲ ವೇತನ ಒಂದು, ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಏರುವ ಭತ್ಯೆ ಇನ್ನೊಂದು ಎಂದು ಕಾಯ್ದೆಯೇ ದಾರಿ ತೋರಿಸಿತು.

ಆದರೆ ಮೂಲ ವೇತನವನ್ನು ಅಳೆಯುವುದು ಹೇಗೆ? 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಇದಕ್ಕೆ ಉತ್ತರ ಕೊಟ್ಟಿತು. ದುಡಿಯುವವನೊಬ್ಬ, ಅವನನ್ನು ನಂಬಿದವರು ಸೇರಿ ಮೂರು ಊಟದ ಲೆಕ್ಕ, ಒಂದೊಂದಕ್ಕೆ 2,700 ಕ್ಯಾಲೊರಿ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ, ದೀಪ ಮತ್ತು ಇತರೆಗೆ ಒಟ್ಟು ವೇತನದ ಶೇ. 20. ಕ್ಯಾಲೊರಿಯ ಲೆಕ್ಕ ಡಾ. ಅಕ್ರಾಯ್ಡ್ ಅವರದು. ಅವರು ಕೂನೂರಿನ ಪೌಷ್ಟಿಕ ಆಹಾರ ಪ್ರಯೋಗಾಲಯದ ನಿರ್ದೇಶಕರಾಗಿದ್ದವರು, ಬಂಗಾಳದ ಬರವನ್ನು ವಿಚಾರಿಸಿದ ಆಯೋಗದ ಸದಸ್ಯರೂ ಹೌದು. ಟೆಂಪಲ್‌ನ ಒಂದು ಪೌಂಡಿನಿಂದ ಅಕ್ರಾಯ್ಡ್‌ರ 2,700 ಕ್ಯಾಲೊರಿಯವರೆಗೆ ಬರಲು ನಮಗೆ ಎಂಬತ್ತು ವರ್ಷ ಬೇಕಾಯಿತು. ಮಕ್ಕಳ ಓದು, ಔಷಧ, ಮದುವೆ, ಮುಪ್ಪಿಗಾಗಿ ಇನ್ನೂ ಶೇ. 25 ಸೇರಬೇಕು ಎಂದು ಸುಪ್ರೀಂ ಕೋರ್ಟ್ ರೆಪ್ಟಕೋಸ್ ಬ್ರೆಟ್ ಮೊಕದ್ದಮೆಯಲ್ಲಿ ಹೇಳಿದ್ದು 1991ರಲ್ಲಿ. 2025ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರ ಇದೇ ಸೂತ್ರ ಹಿಡಿದು ವೇತನ ಏರಿಸುವ ಕರಡು ಹೊರಡಿಸಿದಾಗ ಮಾಲೀಕರ ಸಂಘಗಳು ಗದ್ದಲವೆಬ್ಬಿಸಿದವು. ಮೂವತ್ತು ವರ್ಷ ದಾಟಿದ ತೀರ್ಪೂ ಅವರಿಗೆ ಹೊಸದಾಗಿ ಕಂಡಿತು!

ಇಷ್ಟೆಲ್ಲ ಆದ ಮೇಲೂ ಸೋಲದೇವನಹಳ್ಳಿಯ ಮೇಸ್ತ್ರಿ ಏಕೆ ನಕ್ಕರು? ನಾವು ಕಂಡುಕೊಂಡದ್ದನ್ನು ಹೇಳುತ್ತೇವೆ.

ತುಟ್ಟಿಭತ್ಯೆಯ ಪಾಯಿಂಟುಗಳು ಹುಟ್ಟುವುದು ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕದಿಂದ. ಇದಕ್ಕಾಗಿ ಮನೆಖರ್ಚು ಬರೆದುಕೊಳ್ಳುವುದು ಏಳು ಬಗೆಯ ಕೆಲಸಗಾರರ ಮನೆಗಳಲ್ಲಿ: ಕಾರ್ಖಾನೆ, ಗಣಿ, ತೋಟ, ರೈಲ್ವೆ, ಬಂದರು, ಸಾರಿಗೆ, ವಿದ್ಯುತ್. ಕಟ್ಟಡ ಕಾರ್ಮಿಕರು ಈ ಏಳರಲ್ಲಿ ಇಲ್ಲ. 2001ರ ಸರಣಿಯಲ್ಲಿ ಆಹಾರಕ್ಕೆ ನೂರರಲ್ಲಿ 46 ಪಾಲು ಕೊಟ್ಟಿದ್ದರು, 2016ರ ಸರಣಿಯಲ್ಲಿ ಅದು 39ಕ್ಕೆ ಇಳಿಯಿತು. ಖಾಯಂ ಕೆಲಸದ ಕಾರ್ಖಾನೆ ನೌಕರನ ಮನೆಯಲ್ಲಿ ಅದು ನಿಜವಿರಬಹುದು. ತಗಡಿನ ಶೆಡ್ಡಿನಲ್ಲಿ ಅಕ್ಕಿ, ಬೇಳೆ, ಎಣ್ಣೆಗೇ ಕೂಲಿಯ ದೊಡ್ಡ ಪಾಲು ಹೋಗುವವಳಿಗೆ ಈರುಳ್ಳಿ ತುಟ್ಟಿಯಾದರೆ ಆಗುವ ಪೆಟ್ಟು ಆ ಲೆಕ್ಕಕ್ಕೆ ಸಿಗುವುದಿಲ್ಲ. ಅಳೆಯುವ ಸೇರು ಬೇರೆಯವರ ಮನೆಯದು.

ಎರಡನೆಯದು ವಿಳಂಬ. ಕರ್ನಾಟಕದಲ್ಲಿ ಭತ್ಯೆ ಪರಿಷ್ಕಾರವಾಗುತ್ತಾ ಬಂದಿರುವುದು ವರ್ಷಕ್ಕೊಮ್ಮೆ, ಏಪ್ರಿಲ್ ಒಂದರಿಂದ, ಅದೂ ಹಿಂದಿನ ವರ್ಷದ ಸರಾಸರಿ ನೋಡಿ. ಜನವರಿಯಲ್ಲಿ ಏರಿದ ಬೆಲೆಗೆ ಪರಿಹಾರ ಬರುವುದು ಮುಂದಿನ ವರ್ಷದ ಏಪ್ರಿಲ್‌ನಲ್ಲಿ, ಹದಿನೈದು ತಿಂಗಳ ಮೇಲೆ. ಅಂಗಡಿಯವನು ಅಷ್ಟು ದಿನ ಕಾಯುವನೆ?

ಮೂರನೆಯದು ಕಾನೂನಿನ ಮಾತು. ಕರ್ನಾಟಕದಿಂದಲೇ ಹೋದ ಏರ್‌ಫ್ರೈಟ್ ಮೊಕದ್ದಮೆಯಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್, ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ಒಂದೇ ಕನಿಷ್ಠ ವೇತನ, ಮಾಲೀಕ ಒಟ್ಟು ಮೊತ್ತಕ್ಕಿಂತ ಹೆಚ್ಚು ಕೊಡುತ್ತಿದ್ದರೆ ಭತ್ಯೆಯನ್ನು ಬೇರೆಯಾಗಿ ಕೊಡಬೇಕಿಲ್ಲ ಎಂದಿತು. ನಿಯಮದ ದೃಷ್ಟಿಯಿಂದ ಇದು ಸರಿಯೇ. ಆದರೆ ನುರಿತ ಗಾರೆಯವನ ಕೂಲಿ ಕನಿಷ್ಠ ವೇತನಕ್ಕಿಂತ ಮೇಲಿದ್ದರೆ, ಬೆಲೆ ಎಷ್ಟೇ ಏರಿದರೂ ಅವನ ಕೂಲಿಯನ್ನು ಏರಿಸುವ ಕಾನೂನು ಯಾವುದೂ ಇಲ್ಲ. ಮೇಸ್ತ್ರಿಯ ಮನಸ್ಸು, ಆಳುಗಳ ಅಭಾವ, ಇಷ್ಟೇ ಅವನ ತುಟ್ಟಿಭತ್ಯೆ. ಕನಿಷ್ಠದ ಕೆಳಗಿರುವವರೆಂದರೆ ಕಲ್ಲು-ಮಣ್ಣು ಹೊರುವ ಹೆಂಗಸರು, ಮುಂಗಡ ಪಡೆದು ಗುಂಪಿನಲ್ಲಿ ಬಂದವರು. ಇವರ ಹೆಸರು ಹಾಜರಿ ಪುಸ್ತಕದಲ್ಲಿ ಇರುವುದೇ ಅಪರೂಪ.

ನಡುವಿನವರ ಕೈಯಲ್ಲಿ ಎಷ್ಟು ಸೋರುತ್ತದೆ ಎಂಬುದಕ್ಕೆ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡಗಳೇ ಸಾಕ್ಷಿ. 1982ರಲ್ಲಿ ಅಲ್ಲಿನ ಕನಿಷ್ಠ ದಿನಗೂಲಿ 9 ರೂಪಾಯಿ 25 ಪೈಸೆ. ಜಮಾದಾರ ತಲೆಗೆ ಒಂದು ರೂಪಾಯಿ ಮುರಿದುಕೊಂಡು 8 ರೂಪಾಯಿ 25 ಪೈಸೆ ಕೊಡುತ್ತಿದ್ದ. ಹೆಂಗಸರಿಗೆ ಸಿಗುತ್ತಿದ್ದದ್ದು 7 ರೂಪಾಯಿ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ನ್ಯಾಯಮೂರ್ತಿ ಭಗವತಿ ಬರೆದರು.

1996ರ ಕಾಯ್ದೆಗಳು ತಂದ ಸೆಸ್ಸಿನ ಕಥೆಯನ್ನು ಇಲ್ಲಿ ಬೆಳೆಸುವುದಿಲ್ಲ. ಒಂದು ವಿಚಿತ್ರ ಮಾತ್ರ ಹೇಳಬೇಕು. ಕಟ್ಟಡದ ವೆಚ್ಚದ ಶೇ. 1ರಷ್ಟು ಕಾರ್ಮಿಕ ಕಲ್ಯಾಣ ಮಂಡಳಿಗೆ ಸೇರುವುದರಿಂದ, ಸಿಮೆಂಟು, ಕಬ್ಬಿಣ ತುಟ್ಟಿಯಾದಾಗ ಮಂಡಳಿಯ ಹಣ ತಾನಾಗಿ ಏರುತ್ತದೆ. ಸಿಮೆಂಟು ಹೊರುವವನ ಕೂಲಿಗೆ ಆ ಭಾಗ್ಯವಿಲ್ಲ.

2020ನ್ನು ನಾವು ಮರೆತಿಲ್ಲ. ಆ ಮೇ ತಿಂಗಳ ಮೊದಲ ವಾರ ಸೋಲದೇವನಹಳ್ಳಿಯ ಪಕ್ಕದ ಚಿಕ್ಕಬಾಣಾವರ ನಿಲ್ದಾಣದಿಂದ ವಲಸೆ ಕಾರ್ಮಿಕರ ರೈಲುಗಳು ಹೊರಟವು. ಮುಖ್ಯಮಂತ್ರಿಗಳು ಬಿಲ್ಡರುಗಳ ಜೊತೆ ಸಭೆ ನಡೆಸಿದ ಬೆನ್ನಿಗೇ ರಾಜ್ಯ ಸರ್ಕಾರ ರೈಲುಗಳನ್ನು ರದ್ದು ಮಾಡಿತು. ಎಲ್ಲ ಕಡೆಯಿಂದ ಟೀಕೆ ಬಂದ ಮೇಲೆ ಮತ್ತೆ ಬಿಟ್ಟಿತು. ಜುಲೈಯಲ್ಲಿ ಬಂದದ್ದು ಇನ್ನೊಂದು ಆದೇಶ: ಏಪ್ರಿಲ್‌ನಿಂದ ಕೊಡಬೇಕಾಗಿದ್ದ ತುಟ್ಟಿಭತ್ಯೆಯನ್ನು 2021ರ ಮಾರ್ಚ್‌ವರೆಗೆ ಮುಂದೂಡಲಾಗಿದೆ. ಗಾರ್ಮೆಂಟ್ ಕಾರ್ಮಿಕರ ಲೆಕ್ಕದಲ್ಲಿ ಅದು ತಿಂಗಳಿಗೆ 417 ರೂಪಾಯಿ ಚಿಲ್ಲರೆ. ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಆದೇಶಕ್ಕೆ ತಡೆ ಕೊಟ್ಟಿತು. ಆದರೂ ಅನೇಕ ಗಾರ್ಮೆಂಟ್ ಕಾರ್ಖಾನೆಗಳು ಕೊಡದೆ, ಸಂಘಗಳ ಹಠ ಮತ್ತು ವಿದೇಶಿ ಖರೀದಿದಾರರ ಒತ್ತಡ ಸೇರಿ ಬಾಕಿ ಕೈಸೇರುವಾಗ 2022 ಬಂದಿತ್ತು. ಕಟ್ಟಡದವರ ಬಾಕಿ ಕೇಳಲು ಅಂಥ ಖರೀದಿದಾರ ಯಾರಿದ್ದರು?

2025ರ ನವೆಂಬರ್ 21ರಿಂದ 1948ರ ಕಾಯ್ದೆ ಹೋಗಿ 2019ರ ವೇತನ ಸಂಹಿತೆ ಜಾರಿಗೆ ಬಂದಿದೆ. ಪಟ್ಟಿಯಲ್ಲಿರುವ ಉದ್ಯೋಗಗಳಿಗೆ ಮಾತ್ರ ಎಂಬ ಹಳೆಯ ಗೆರೆಯನ್ನು ಅಳಿಸಿ, ಎಲ್ಲ ನೌಕರರಿಗೂ ಕನಿಷ್ಠ ವೇತನ ಎಂದು ಅದು ಹೇಳುತ್ತದೆ. ಅಡ್ಡೆಯಲ್ಲಿ ನಿಂತವನಿಗೆ ಮಾಲೀಕ ಯಾರು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಇದೆ.

ಸೋಲದೇವನಹಳ್ಳಿಯ ಹಳಿಗಳ ಬಳಿ ನಿಂತಾಗ ನಮಗೆ ಹೊಳೆದದ್ದು ಇನ್ನೊಂದಿದೆ. ರೈಲ್ವೆಯ ಕಾಮಗಾರಿಗೆ ಕೇಂದ್ರದ ದರ. ಅಲ್ಲಿ ತುಟ್ಟಿಭತ್ಯೆ ಏಪ್ರಿಲ್ ಮತ್ತು ಅಕ್ಟೋಬರ್ ಎಂದು ವರ್ಷಕ್ಕೆ ಎರಡು ಸಲ ಬದಲಾಗುತ್ತಾ ಬಂದಿದೆ. ಹಳಿ ದಾಟಿದರೆ ಖಾಸಗಿ ಕಟ್ಟಡ. ಅಲ್ಲಿ ರಾಜ್ಯದ ದರ, ವರ್ಷಕ್ಕೊಮ್ಮೆ. ಎರಡೂ ಕಡೆಯ ಆಳುಗಳು ಸಂಜೆ ದಿನಸಿ ತರುವುದು ಒಂದೇ ಅಂಗಡಿಯಿಂದ.