ಹೊಸ ಯಂತ್ರ, ಹಳೆಯ ಕಡತ

ನಮ್ಮ ಮನೆಯ ಗಣಕಯಂತ್ರವು ಕೆಟ್ಟಿರಲಿಲ್ಲ. ಹನ್ನೆರಡು ವರ್ಷ ಬಳ್ಳಾರಿಯ ಬಿಸಿಲನ್ನೂ ಧೂಳನ್ನೂ ತಿಂದು, ಮುದಿ ಎತ್ತಿನಂತೆ ನಿಧಾನವಾಗಿ ನಡೆದುಕೊಂಡಿತ್ತು. ಆದರೆ ಅದರೊಳಗಿನ ವಿಂಡೋಸ್ 10 ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮುಂದಿನದಾದ ವಿಂಡೋಸ್ 11ಕ್ಕೆ ಯಂತ್ರದಲ್ಲಿ ಹೊಸ ಬಗೆಯ ಭದ್ರತಾ ವ್ಯವಸ್ಥೆ ಇರಬೇಕಂತೆ, ನಮ್ಮದರಲ್ಲಿ ಅದಿಲ್ಲ. ಹೀಗಾಗಿ ಹೊಸ ಯಂತ್ರ ಬಂತು, ಹಳೆಯದು ಗುಜರಿಗೆ ಹೋಯಿತು. ಕಡತಗಳನ್ನೆಲ್ಲ ಇದಕ್ಕೆ ಸಾಗಿಸಿದ ಮೇಲೆ ಒಂದನ್ನು ತೆರೆದು ನೋಡಿದ ಮೊಮ್ಮಗ, “ತಾತಾ, ಇದು ಇಂಗ್ಲಿಷೂ ಅಲ್ಲ, ಕನ್ನಡಾನೂ ಅಲ್ಲ” ಎಂದ.

ಅದು ನನ್ನ ಮಿತ್ರರಾಗಿದ್ದ ಒಬ್ಬ ಶಾಲಾ ಮೇಷ್ಟ್ರ ಬರಹ. ಇಪ್ಪತ್ತು ವರ್ಷಗಳ ಹಿಂದೆ ಅವರು ಸಿರುಗುಪ್ಪ, ಕುರುಗೋಡುಗಳ ಸುತ್ತಲಿನ ಹಳ್ಳಿಗಳಲ್ಲಿ ಅಲೆದು, ಹಳೆಯ ಕರಣಂ ಮನೆತನಗಳ ವೃದ್ಧರನ್ನು ಕೂಡಿಸಿಕೊಂಡು ಹೊಲಗಳ ಹೆಸರು, ಕೆರೆ ಕಾಲುವೆಗಳ ಹೆಸರು, ಲೆಕ್ಕದ ಮಾತುಗಳು ಇವುಗಳನ್ನೆಲ್ಲ ಬರೆದುಕೊಂಡಿದ್ದರು. ಹೇಳಿದ ವೃದ್ಧರೂ ಇಲ್ಲ, ಬರೆದುಕೊಂಡ ಮೇಷ್ಟ್ರೂ ಇಲ್ಲ. ಉಳಿದದ್ದು ಈ ಕಡತವೊಂದೇ.

ಆದದ್ದೇನೆಂದು ಓದುಗರಿಗೆ ತಿಳಿಸಬೇಕು. ಆ ಕಾಲದ ಗಣಕಯಂತ್ರಗಳ ಅಕ್ಷರಕೋಷ್ಟಕದಲ್ಲಿ ಇದ್ದದ್ದು 256 ಮನೆಗಳು ಮಾತ್ರ. ಇಂಗ್ಲಿಷ್ ಅಕ್ಷರಗಳಿಗಾಗಿ ಕಟ್ಟಿದ ಆ ಮನೆಗಳಲ್ಲಿ ನಮ್ಮವರು ಕನ್ನಡದ ತುಂಡುಗಳನ್ನು, ಎಂದರೆ ತಲೆಕಟ್ಟು, ಕೊಂಬು, ಒತ್ತುಗಳನ್ನು ಬಾಡಿಗೆಗೆ ಇಳಿಸಿದರು. ಯಂತ್ರದ ಲೆಕ್ಕಕ್ಕೆ ಅದು ಇಂಗ್ಲಿಷೇ. ಫಾಂಟು ಎಂಬ ಮುಖವಾಡ ಹಾಕಿದಾಗ ಮಾತ್ರ ಕನ್ನಡವಾಗಿ ಕಾಣುತ್ತಿತ್ತು. ಮೊದಮೊದಲು ಒಬ್ಬೊಬ್ಬ ತಯಾರಕನದು ಒಂದೊಂದು ಕ್ರಮ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, 1998ರಲ್ಲಿ ಬಂದ ಶೇಷಾದ್ರಿ ವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವುಗಳಿಂದ ನಾಡಿನಲ್ಲಿ ಕನ್ನಡ ಟೈಪಿಸುವವರ ಸಂಖ್ಯೆ ಬೆಳೆಯಿತು. ಮೇಷ್ಟ್ರು ಬಳಸಿದ ಫಾಂಟು ಯಾವುದೋ ನನಗೆ ನೆನಪಿಲ್ಲ. ಜಾಗ ಉಳಿಯಲೆಂದು ಬರಿಯ ಪಠ್ಯವಾಗಿ ಇಳಿಸಿಟ್ಟವನು ನಾನೇ. ಹಾಗೆ ಇಳಿಸಿದ ಕಡತದಲ್ಲಿ ಫಾಂಟಿನ ಹೆಸರು ಉಳಿಯುವುದಿಲ್ಲವೆಂಬುದು ಆಗ ನನಗೆ ತಿಳಿದಿರಲಿಲ್ಲ. ತಪ್ಪು ಇನ್ನಾರ ಮೇಲೂ ಹೊರಿಸುವಂತಿಲ್ಲ.

ವ್ಯವಸ್ಥೆ ಬದಲಾಗುವುದು ಬಳ್ಳಾರಿಗೆ ಹೊಸದೇನಲ್ಲ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟಾಗ ಥಾಮಸ್ ಮನ್ರೋ ಬಂದು, 1807ರವರೆಗೆ ಇದ್ದು, ಹೊಲ ಅಳೆಸಿ ರೈತವಾರಿ ಲೆಕ್ಕ ಹೂಡಿದ. ಅಲ್ಲಿಂದ ಒಂದೂವರೆ ಶತಮಾನ ಮದ್ರಾಸಿನ ಪದ್ಧತಿ. ಕರಣಂ, ಅಡಂಗಲ್, ಎಕರೆಗೆ 100 ಸೆಂಟು. 1953ರ ಅಕ್ಟೋಬರ್ 1ರಂದು, ಮಿಶ್ರಾ ಆಯೋಗದ ವರದಿಯಾದ ಮೇಲೆ, ಬಳ್ಳಾರಿ ತಾಲೂಕೂ ಸೇರಿ ಏಳು ತಾಲೂಕುಗಳು ಮೈಸೂರಿಗೆ ಬಂದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಮೈಸೂರಿನ ಎಕರೆಗೆ 40 ಗುಂಟೆ. ಒಂದು ಗುಂಟೆಗೆ ಎರಡೂವರೆ ಸೆಂಟು ಎಂದು ಕಾಗದದ ಮೇಲೆ ಭಾಗಿಸಿದರೆ ಆಯಿತು. ಆದರೆ ಸೆಂಟು ಎಂಬ ಮಾತು ಬಳ್ಳಾರಿಯ ರೈತನ ನಾಲಿಗೆಯಿಂದ ಇಂದಿಗೂ ಇಳಿದಿಲ್ಲ. ನಾಲ್ಕೇ ವರ್ಷದಲ್ಲಿ, 1957ರ ಏಪ್ರಿಲ್ 1ಕ್ಕೆ, ನಯಾ ಪೈಸೆ ಬಂತು. ನಾಲ್ಕಾಣೆಗೆ 25 ಸರಿಯಾಗಿ ಕೂಡಿತು, ಒಂದಾಣೆಗೆ ಆರೂಕಾಲು! ಆ ಕಾಲು ಪೈಸೆ ಅಂಗಡಿಯವನದೋ ಗಿರಾಕಿಯದೋ ಎಂದು ನಮ್ಮ ತಾಯಿ ಕೌಲ್ ಬಜಾರಿನಲ್ಲಿ ವಾದಿಸುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ.

ನಿಜವಾಗಿ ಗಣಕಯಂತ್ರವು ಹಳ್ಳಿಯನ್ನು ಮುಟ್ಟಿದ್ದು ‘ಭೂಮಿ’ ಯೋಜನೆಯಿಂದ. 1999ರಿಂದ 2002ರೊಳಗೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ಹಿಡುವಳಿದಾರರ ಹೆಸರುಗಳು ಯಂತ್ರಕ್ಕೆ ಏರಿದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು; ತಾಲೂಕು ಕಛೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಸಿಕ್ಕಿತು. ಗ್ರಾಮಲೆಕ್ಕಿಗನ ಮನೆ ಬಾಗಿಲು ಕಾಯುವುದು ತಪ್ಪಿದ್ದು ಸಣ್ಣ ಉಪಕಾರವಲ್ಲ. ಆದರೆ ಪಹಣಿಗೆ ಬೇಕಾದದ್ದು ಸರ್ವೆ ನಂಬರು. ಹೊಲದ ಹೆಸರು ಅದಕ್ಕೆ ಬೇಡ. ಆ ಹೆಸರುಗಳು ಇದ್ದದ್ದು ಜನರ ಬಾಯಲ್ಲಿ. ಮೇಷ್ಟ್ರು ಊರೂರು ಅಲೆದದ್ದು ಈ ಕಾರಣಕ್ಕಾಗಿಯೇ.

ಅವರು ಊರುಗಳನ್ನು ತಾಲೂಕುವಾರು ಜೋಡಿಸಿದ್ದರು. ಅದೂ ಈಗ ಹಳತಾಗಿದೆ. ಆಗ ಬಳ್ಳಾರಿ ತಾಲೂಕಿನಲ್ಲಿದ್ದ ಕುರುಗೋಡು ಈಗ ತಾನೇ ಒಂದು ತಾಲೂಕು. 2021ರಲ್ಲಿ ವಿಜಯನಗರ ಜಿಲ್ಲೆಯೇ ಬೇರೆಯಾಯಿತು. ನಡುವೆ 2014ರ ನವೆಂಬರ್ 1ರಂದು ಬಳ್ಳಾರಿಯ ಇಂಗ್ಲಿಷ್ ಕಾಗುಣಿತವನ್ನೂ ತಿದ್ದಿದರು. ಕನ್ನಡದಲ್ಲಿ ಒಂದಕ್ಷರವೂ ಅಲುಗಲಿಲ್ಲ. ಇಂಗ್ಲಿಷಿನ ಅರ್ಜಿ ದಾಖಲೆಗಳಲ್ಲಿ ಮಾತ್ರ ಒಂದೇ ಊರಿಗೆ ಎರಡು ರೂಪ ಆದವು.

ಕನ್ನಡಕ್ಕೆ ತನ್ನದೇ ಆದ ಮನೆಗಳು ಯುನಿಕೋಡಿನಲ್ಲಿ 1991ರಲ್ಲೇ ಮಂಜೂರಾಗಿದ್ದವು. ಗೃಹಪ್ರವೇಶಕ್ಕೆ ಮಾತ್ರ ಬಹಳ ಕಾಲ ಹಿಡಿಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟು ಬಂತು. ಆದರೆ ಅಕ್ಷರಗಳು ಸರಿಯಾಗಿ ಕೂಡಿಕೊಳ್ಳಬೇಕಾದರೆ ಮೂಲ ಸಿ.ಡಿ. ಹಾಕಿ ಬೇರೊಂದು ಭಾಗವನ್ನು ಅಳವಡಿಸಬೇಕಿತ್ತು. ನಮ್ಮಂಥವರ ಬಳಿ ಮೂಲ ಸಿ.ಡಿ. ಎಲ್ಲಿತ್ತು? ‘ಸೂರ್ಯ’ದಲ್ಲಿ ರಕಾರವು ಅರ್ಕಾವತ್ತಾಗಬೇಕು, ‘ರ‍್ಯಾಂಕ್’ನಲ್ಲಿ ಅದೇ ರಕಾರ ಮುಂದೆ ನಿಲ್ಲಬೇಕು, ಈ ಭೇದವನ್ನು ಯಂತ್ರಕ್ಕೆ ತಿಳಿಸಲು ಕಣ್ಣಿಗೆ ಕಾಣದ ಸಂಕೇತವೊಂದನ್ನು ನಡುವೆ ಇಡಬೇಕೆಂದು ಕಲಿಯುವ ಹೊತ್ತಿಗೆ ನನಗೆ ಕನ್ನಡಕದ ನಂಬರು ಎರಡು ಸಲ ಬದಲಾಗಿತ್ತು.

ಸಿರುಗುಪ್ಪ ತಾಲೂಕಿನ ನಿಟ್ಟೂರಿನಲ್ಲಿ ಅಶೋಕನ ಶಾಸನವಿದೆ. ದೊರೆಯ ಹೆಸರನ್ನೇ ಹೇಳುವ ಕೆಲವೇ ಶಾಸನಗಳಲ್ಲಿ ಅದೊಂದು. ಅಶೋಕನ ಬ್ರಾಹ್ಮೀ ಲಿಪಿಯನ್ನು ಶತಮಾನಗಳ ಕಾಲ ಓದಬಲ್ಲವರೇ ಇರಲಿಲ್ಲ. ಕಲ್ಲು ಸವೆದಿರಲಿಲ್ಲ, ಅಕ್ಷರ ಅಳಿದಿರಲಿಲ್ಲ; ಕೀಲಿ ಕಳೆದಿತ್ತು, ಅಷ್ಟೆ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಅದನ್ನು ಬಿಡಿಸಿದ್ದು ಸಾಂಚಿಯ ಪುಟ್ಟ ಬರಹಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಅಕ್ಷರಗಳು ‘ದಾನಂ’ ಎಂದಿರಬೇಕೆಂದು ಊಹಿಸಿ.

ಈ ಕಥೆಯನ್ನು ಮೊಮ್ಮಗನಿಗೆ ಹೇಳಿದೆ. ಅವನು ಸುಮ್ಮನಿರಲಿಲ್ಲ. ಶೀರ್ಷಿಕೆಯ ಸ್ಥಾನದಲ್ಲಿ ಪದೇ ಪದೇ ಬರುವ ಎರಡು ಗುಂಪುಗಳನ್ನು ಹಿಡಿದು, “ಒಂದು ಸಿರುಗುಪ್ಪ, ಇನ್ನೊಂದು ಕುರುಗೋಡು ಇರಬೇಕು ತಾತಾ, ಎರಡರಲ್ಲೂ ಎರಡನೇ ಅಕ್ಷರ ‘ರು’ ನೋಡು” ಎಂದ. ಸರಿಯಾಗಿಯೇ ಇತ್ತು! ಅಲ್ಲಿಂದ ಕೊಂಬು ಸಿಕ್ಕಿತು, ಕೊಂಬಿನಿಂದ ಇನ್ನಷ್ಟು. ಹದಿನೈದು ದಿನ ರಾತ್ರಿ ಕೂತು ಕೋಷ್ಟಕ ಬರೆದೆವು. ಅದರ ಪ್ರಕಾರ ಅವನೊಂದು ಪುಟ್ಟ ಪ್ರೋಗ್ರಾಮು ಮಾಡಿ, ಇಡೀ ಕಡತವನ್ನು ಯುನಿಕೋಡಿಗೆ ತಿರುಗಿಸಿದ. ಮೇಷ್ಟ್ರು ನಡುನಡುವೆ ಬರೆದಿದ್ದ ಇಂಗ್ಲಿಷ್ ಮಾತುಗಳು ವಿಚಿತ್ರ ಕನ್ನಡವಾದವು. ಅವನ್ನು ಒಂದೊಂದಾಗಿ ತಿದ್ದಿದ್ದಾಯಿತು. ಯಂತ್ರಕ್ಕೆ ತಿಳಿಯದ ಅಕ್ಷರ ಬಂದಲ್ಲೆಲ್ಲ ಅದು ಪ್ರಶ್ನಾರ್ಥಕ ಚಿಹ್ನೆ ಹಾಕಿತ್ತು. ಅವುಗಳಲ್ಲಿ ಬಹುಪಾಲನ್ನು ಸಂದರ್ಭ ನೋಡಿ ತುಂಬಿದೆವು.

ಒಂದು ಉಳಿದಿದೆ. ಸಿರುಗುಪ್ಪದ ಭಾಗದಲ್ಲಿ, ನದಿಯ ದಂಡೆಯ ಒಂದು ಹೊಲಕ್ಕೆ ‘ಗುಡಿ ಹೊಲ’ ಎಂಬ ಹೆಸರು; ಅದರ ಮುಂದೆ ಒಂದು ಪ್ರಶ್ನಾರ್ಥಕ. ಅಲ್ಲಿ ಈಗ ಗುಡಿಯಿಲ್ಲವೆಂದು ಮೇಷ್ಟ್ರು ಸಂದೇಹಪಟ್ಟು ಹಾಕಿದ್ದೋ, ಇಲ್ಲವೇ ಹೆಸರಿನ ಕೊನೆಯ ಅಕ್ಷರವನ್ನು ಯಂತ್ರ ನುಂಗಿದ್ದೋ, ಹೇಳಲಾಗದು. ಬರುವ ಭಾನುವಾರ ಸಿರುಗುಪ್ಪದ ಬಸ್ಸು ಹಿಡಿದು, ಆ ಹಳ್ಳಿಗೆ ಹೋಗಿ ಕೇಳಿ ಬರಬೇಕೆಂದಿದ್ದೇನೆ.