ಫೋಟೋ ತೊಳೆದ ನೀರು

ಹಳೆಯ ಕಪ್ಪು-ಬಿಳುಪು ಫೋಟೋ ಹಳದಿಯಾಗಿದ್ದರೆ "ಹಳೇದಾಯ್ತಲ್ಲ" ಎಂದು ಸುಮ್ಮನಾಗುತ್ತೇವೆ. ಆದರೆ ಒಂದೇ ವರ್ಷ ತೆಗೆದು ಒಂದೇ ಟ್ರಂಕಿನಲ್ಲಿಟ್ಟ ಎರಡು ಫೋಟೋಗಳಲ್ಲಿ ಒಂದು ಇನ್ನೂ ಗಟ್ಟಿ ಕಪ್ಪಾಗಿದ್ದು, ಇನ್ನೊಂದು ಚಹಾ ಚೆಲ್ಲಿದ ಹಾಗೆ ಕಾಣುವುದೇಕೆ? ವಯಸ್ಸು ಎರಡಕ್ಕೂ ಒಂದೇ. ವ್ಯತ್ಯಾಸವಿರುವುದು ಹೆಚ್ಚಾಗಿ ಡಾರ್ಕ್‌ರೂಮಿನ ಕೊನೆಯ ಕೆಲಸದಲ್ಲಿ, ಪ್ರಿಂಟನ್ನು ಎಷ್ಟು ಚೆನ್ನಾಗಿ ತೊಳೆದರು ಎಂಬುದರಲ್ಲಿ. ಕ್ಯಾಮೆರಾಗಳ ಚರಿತ್ರೆ, ದೊಡ್ಡ ಫೋಟೋಗ್ರಾಫರುಗಳ ಚರಿತ್ರೆ ಬರೆದವರಿದ್ದಾರೆ. ಮುಂಬಯಿಯಲ್ಲಿ ಫೋಟೋದ ಆಯುಸ್ಸಿನ ಚರಿತ್ರೆ ಬರೆಯುವುದಾದರೆ ನೀರಿನಿಂದಲೇ ಶುರುಮಾಡಬೇಕು ಎಂದು ನನಗೆ ಅನ್ನಿಸುತ್ತದೆ.

ಮೊದಲು ಒಂದಿಷ್ಟು ರಸಾಯನ. ಫೋಟೋ ಕಾಗದದ ಮೇಲೆ ಬೆಳಕಿಗೆ ಕಪ್ಪಾಗುವ ಬೆಳ್ಳಿಯ ಲವಣಗಳಿರುತ್ತವೆ. ಚಿತ್ರ ಮೂಡಿದ ಮೇಲೆ, ಬಳಕೆಯಾಗದೆ ಉಳಿದ ಲವಣವನ್ನು ತೆಗೆಯದಿದ್ದರೆ ಇಡೀ ಕಾಗದ ಕಪ್ಪಾಗುತ್ತದೆ. ಆ ಲವಣವನ್ನು ಕರಗಿಸುವ ವಸ್ತುವನ್ನು ಜಾನ್ ಹರ್ಷೆಲ್ 1819ರಲ್ಲೇ ಗುರುತಿಸಿದ್ದ. ಸ್ಟುಡಿಯೋದವರ ಬಾಯಲ್ಲಿ ಅದು ಹೈಪೋ. 1839ರಲ್ಲಿ ಫೋಟೋಗ್ರಫಿ ಬಂದಾಗ ಅದೇ ಕೈಹಿಡಿಯಿತು. ಆದರೆ ಕೆಲಸ ಮುಗಿಸಿದ ಹೈಪೋ ಕಾಗದದಲ್ಲೇ ಉಳಿದುಬಿಟ್ಟರೆ ಅದರೊಳಗಿನ ಗಂಧಕ ನಿಧಾನವಾಗಿ ಚಿತ್ರದ ಬೆಳ್ಳಿಯನ್ನೇ ಹಿಡಿಯುತ್ತದೆ. ದೇವರ ಮನೆಯ ಬೆಳ್ಳಿ ದೀಪ ಕಪ್ಪಾಗುವುದೂ ಹೀಗೆಯೇ. ಫೋಟೋದಲ್ಲಿ ಬೆಳ್ಳಿಯ ಕಣಗಳು ಅತಿ ಸಣ್ಣವಾದ್ದರಿಂದ ಅವು ಹಳದಿಯಾಗಿ, ಕಂದಾಗಿ, ಕೊನೆಗೆ ಮಾಸಿಹೋಗುತ್ತವೆ. ಇದನ್ನು ತಡೆಯಲು ಇರುವ ಮೊದಲ ಉಪಾಯ ನೀರು.

ಇನ್ನು ಮುಂಬಯಿಗೆ ಬರೋಣ. ಇಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿದ್ದು 1854ರ ಅಕ್ಟೋಬರಿನಲ್ಲಿ. ಡಾ. ಭಾವು ದಾಜಿ, ಅವರ ತಮ್ಮ ನಾರಾಯಣ ದಾಜಿ ಮೊದಲ ಸದಸ್ಯರ ಸಾಲಿನಲ್ಲಿದ್ದರು. ಮರುವರ್ಷ ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ಫೋಟೋಗ್ರಫಿ ತರಗತಿಯೂ ಆರಂಭವಾಯಿತು. ಅದೇ ವರ್ಷಗಳಲ್ಲಿ ನಗರದಲ್ಲಿ ನೀರಿಗೆ ಹಾಹಾಕಾರ. ಆಗ ನಲ್ಲಿಗಳಿರಲಿಲ್ಲ, ಬಾವಿ ಮತ್ತು ತಲಾವುಗಳೇ ಗತಿ. ಮಳೆ ಕೈಕೊಟ್ಟಾಗ ದನಗಳನ್ನು ಮಾಹಿಮಿಗೆ ಸಾಗಿಸಿ, ಊರೊಳಗಿನ ನೀರನ್ನು ಜನರಿಗೆ ಉಳಿಸಬೇಕಾಯಿತು. ವಿಹಾರ್ ಕೆರೆಯ ಕೆಲಸ 1856ರಲ್ಲಿ ಶುರುವಾಗಿ 1860ರಲ್ಲಿ ಮುಗಿದ ಮೇಲಷ್ಟೇ ಕೊಳವೆಯ ನೀರು ಬಂತು, 1892ರಲ್ಲಿ ತಾನ್ಸಾದ ನೀರು ಸೇರಿತು. ಅಂದರೆ ಮುಂಬಯಿಯ ಮೊದಲ ಫೋಟೋಗ್ರಾಫರುಗಳು ತಮ್ಮ ಪ್ರಿಂಟುಗಳನ್ನು ತೊಳೆದದ್ದು ಹರಿಯುವ ನಲ್ಲಿಯ ಕೆಳಗಲ್ಲ, ಹೊತ್ತು ತಂದ ನೀರಿನಲ್ಲಿ.

ನೀರು ಧಾರಾಳವಾಗಿದ್ದ ಲಂಡನ್ನಿನಲ್ಲೂ ಫೋಟೋಗಳು ಮಾಸುತ್ತಿದ್ದವು. ಅಲ್ಲಿನ ಫೋಟೋಗ್ರಾಫಿಕ್ ಸೊಸೈಟಿ 1855ರಲ್ಲಿ ಇದಕ್ಕೆಂದೇ ಒಂದು ಸಮಿತಿ ರಚಿಸಿತು. ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್ 50 ಪೌಂಡು ಕೊಟ್ಟ. ಸರಿಯಾಗಿ ತೊಳೆಯದೆ ಕಾಗದದಲ್ಲಿ ಉಳಿದುಹೋದ ಹೈಪೋವೇ ಮಾಸುವುದಕ್ಕೆ ಸಾಮಾನ್ಯ ಕಾರಣ ಎಂದು ಸಮಿತಿ ಆ ವರ್ಷವೇ ಹೇಳಿತು.

ಈ ಕಥೆಯಲ್ಲಿ ಕನ್ನಡ ನಾಡಿಗೂ ಪಾಲಿದೆ. 1855ರಲ್ಲೇ ಮುಂಬಯಿ ಸರ್ಕಾರ ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬ ಫಿರಂಗಿ ದಳದ ಅಧಿಕಾರಿಯನ್ನು ಫೋಟೋಗ್ರಾಫರಾಗಿ ನೇಮಿಸಿ ಬಿಜಾಪುರ, ಬಾದಾಮಿ, ಐಹೊಳೆಗಳ ಕಡೆಗೆ ಕಳಿಸಿತು. ವರ್ಷ ಮುಗಿಯುವುದರೊಳಗೆ ಅವನು ಸೈನ್ಯಕ್ಕೆ ಮರಳಬೇಕಾಗಿ ಬಂದು, ಡಾ. ವಿಲಿಯಂ ಪಿಗೌ ಎಂಬ ವೈದ್ಯ ಆ ಕೆಲಸ ಮುಂದುವರಿಸಿದ. ಬಿಗ್ಸ್ ಬಳಸಿದ್ದು ಕಾಗದದ ನೆಗೆಟಿವ್. ಅದನ್ನೂ ಹೈಪೋದಲ್ಲಿ ಅದ್ದಿ ತೊಳೆಯಲೇಬೇಕು, ಅದೂ ಬಯಲುಸೀಮೆಯಲ್ಲಿ. ಇವರಿಬ್ಬರ ಜೊತೆಗೆ ಎ. ಸಿ. ಬಿ. ನೀಲ್ ತೆಗೆದ ಚಿತ್ರಗಳೂ ಸೇರಿ, ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಮೇಲೆ 1866ರಲ್ಲಿ ಲಂಡನ್ನಿನಿಂದ ದೊಡ್ಡ ಪುಸ್ತಕವೊಂದು ಬಂತು. ವಿವರಣೆ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರದು. ಪೋಷಕರು ಮುಂಬಯಿಯ ಹತ್ತಿ ವ್ಯಾಪಾರಿ ಪ್ರೇಮಚಂದ್ ರಾಯಚಂದ್, ಫೋರ್ಟಿನ ರಾಜಾಬಾಯಿ ಗಡಿಯಾರ ಗೋಪುರಕ್ಕೆ ಹಣ ಕೊಟ್ಟವರು. ಅದರಲ್ಲಿರುವುದು ಅಚ್ಚಿನ ಚಿತ್ರಗಳಲ್ಲ, ಪುಟಕ್ಕೆ ಅಂಟಿಸಿದ ನಿಜವಾದ ಫೋಟೋ ಪ್ರಿಂಟುಗಳು. ಹಳೇಬೀಡಿನ ಶಿಲ್ಪವನ್ನು ಕಲ್ಲು ಉಳಿಸಿಕೊಂಡಿದೆ. 1850ರ ದಶಕದಲ್ಲಿ ಅದು ಹೇಗಿತ್ತು ಎಂಬುದನ್ನು ಮಾತ್ರ ಉಳಿಸಿಕೊಟ್ಟದ್ದು ಇಂಥ ಪ್ರಿಂಟುಗಳು, ಮತ್ತು ಅವುಗಳನ್ನು ತೊಳೆದ ಕೈಗಳು.

ಮುಂದೆ ಕಾಗದದ ಮೇಲೆ ಜೆಲಟಿನ್ ಲೇಪಿಸಿದ, ಇಂದು ಫೈಬರ್ ಪೇಪರ್ ಎನ್ನುವ ಕಾಗದ ಬಂತು. ನಮ್ಮ ಅಜ್ಜ-ಅಜ್ಜಿಯರ ಫೋಟೋಗಳೆಲ್ಲ ಹೆಚ್ಚುಕಡಿಮೆ ಇದರ ಮೇಲೆಯೇ. ಕೆಳಗೆ ಕಾಗದದ ನಾರು, ನಡುವೆ ಬೆರೈಟಾ ಎಂಬ ಬಿಳಿ ಪದರ, ಮೇಲೆ ಜೆಲಟಿನ್. ನಾರು ಬಟ್ಟೆಯಂತೆ ಹೈಪೋವನ್ನು ಹೀರಿ ಹಿಡಿದುಕೊಳ್ಳುತ್ತದೆ. ದಪ್ಪ ಕಾಗದವಾದರೆ ಹರಿಯುವ ನೀರಿನಲ್ಲಿ ಸುಮಾರು ಒಂದು ಗಂಟೆ ಬೇಕು ಎಂಬುದು ಹಳೆಯ ರೂಢಿ.

ಮುಂಬಯಿಯಲ್ಲಿ ಇದು ಎರಡು ಪಟ್ಟು ಕಷ್ಟ. ಸೆಕೆಗೆ ಜೆಲಟಿನ್ ಉಬ್ಬಿ ಮೆತ್ತಗಾಗುತ್ತದೆ, ಉಗುರು ತಾಗಿದರೆ ಕಿತ್ತುಬರುತ್ತದೆ. ಅದಕ್ಕೆ ಫಿಕ್ಸರಿಗೆ ಪಟಿಕ ಬೆರೆಸಿ ಗಟ್ಟಿ ಮಾಡುವ ಪದ್ಧತಿ ಬಿಸಿ ಊರುಗಳಲ್ಲಿ ಬೆಳೆಯಿತು. ಆದರೆ ಪಟಿಕದಿಂದ ಗಟ್ಟಿಯಾದ ಜೆಲಟಿನ್ ಹೈಪೋವನ್ನು ಬೇಗ ಬಿಡುವುದಿಲ್ಲ, ಇನ್ನೂ ಹೆಚ್ಚು ಹೊತ್ತು ತೊಳೆಯಬೇಕು. ಇತ್ತ ನಲ್ಲಿಯಲ್ಲಿ ನೀರು ಬರುವುದೇ ದಿನಕ್ಕೆ ಕೆಲವು ಗಂಟೆ. ಚಾಳಿನ ಖೋಲಿಯಲ್ಲಿ ಬಾಳಿದವರಿಗೆ, ಈಗಲೂ ಉಪನಗರಗಳಲ್ಲಿ ಡ್ರಮ್ಮು ತುಂಬಿಸಿಟ್ಟುಕೊಳ್ಳುವವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದು ಗಂಟೆ ನಲ್ಲಿ ಬಿಟ್ಟಿಡಿ ಎನ್ನುವ ಪಾಶ್ಚಾತ್ಯ ಪುಸ್ತಕದ ಸಲಹೆ ಇಲ್ಲಿ ನಡೆಯುವಂಥದ್ದಲ್ಲ.

ಹಾಗಾದರೆ ಚೆನ್ನಾಗಿ ತೊಳೆಯುವುದು ಹೇಗೆ? ಇಲ್ಲಿ ಉಜ್ಜುವುದಿಲ್ಲ. ಕಾಗದದೊಳಗಿನ ಹೈಪೋ ಹೊರಗಿನ ನೀರಿಗೆ ತಾನಾಗಿ ಇಳಿಯುತ್ತದೆ, ಎರಡೂ ಕಡೆ ಸಮವಾದಾಗ ನಿಂತುಬಿಡುತ್ತದೆ. ಆದ್ದರಿಂದ ನೀರು ಜೋರಾಗಿ ಹರಿಯುವುದಕ್ಕಿಂತ ಪೂರ್ತಿ ಬದಲಾಗುವುದು ಮುಖ್ಯ. ಟ್ರೇ ತುಂಬಿಸಿ, ಪ್ರಿಂಟುಗಳನ್ನು ಒಂದೊಂದಾಗಿ ಮೇಲೆ-ಕೆಳಗೆ ಮಾಡಿ, ಕೆಲವು ನಿಮಿಷ ಬಿಟ್ಟು, ಪೂರ್ತಿ ಚೆಲ್ಲಿ ಮತ್ತೆ ತುಂಬಿಸಬೇಕು. ಕಡಿಮೆ ನೀರಿನಲ್ಲೂ ಇದು ಸಾಧ್ಯ, ಆದರೆ ಯಾರಾದರೂ ಪಕ್ಕದಲ್ಲೇ ನಿಂತಿರಬೇಕು. ಒಂದಕ್ಕೊಂದು ಅಂಟಿಕೊಂಡ ಪ್ರಿಂಟುಗಳ ನಡುವೆ ನೀರು ಹೋಗುವುದಿಲ್ಲ. ವರ್ಷಗಳ ಮೇಲೆ ಆ ಭಾಗ ಮಾತ್ರ ಹಳದಿಯಾಗಬಹುದು. ಪ್ರಿಂಟಿನಿಂದ ತೊಟ್ಟಿಕ್ಕುವ ನೀರನ್ನು ತೆಳು ನೇರಳೆ ಬಣ್ಣದ ಪರ್‌ಮ್ಯಾಂಗನೇಟಿಗೆ ಬಿಟ್ಟು, ಬಣ್ಣ ಹೋದರೆ ಇನ್ನೂ ತೊಳೆಯಬೇಕೆಂದು ತಿಳಿಯುವ ಸುಲಭ ಪರೀಕ್ಷೆಯೂ ಇತ್ತು. ಅದು ನೀರಿನ ವಿಷಯ ಹೇಳುತ್ತದೆ, ನಾರಿನೊಳಗಿನದ್ದನ್ನು ಹೇಳುವುದಿಲ್ಲ. ಅದಕ್ಕೆ ಬಿಳಿ ಅಂಚಿನ ಮೇಲೆ ಸಿಲ್ವರ್ ನೈಟ್ರೇಟಿನ ಒಂದು ಹನಿ ಹಾಕಿ, ಕಲೆ ಎಷ್ಟು ಕಂದಾಯಿತೆಂದು ನೋಡಬೇಕು.

ಸುತ್ತ ಸಮುದ್ರವಿರುವ ಈ ಊರಿನಲ್ಲಿ ನಿಂತು ಓದಿದಾಗ ನನಗೆ ನಗು ಬಂದ ಸಂಗತಿಯೊಂದಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಡಗುಗಳ ಮೇಲೆ ಸಿಹಿನೀರು ಉಳಿಸಬೇಕಾಗಿ ಬಂದಾಗ, ಸಮುದ್ರದ ನೀರು ಹೈಪೋವನ್ನು ಸಿಹಿನೀರಿಗಿಂತ ಬೇಗ ಹೊರಹಾಕುತ್ತದೆ ಎಂಬುದು ಬಳಕೆಗೆ ಬಂತು. ಕೊನೆಯಲ್ಲಿ ಸ್ವಲ್ಪ ಸಿಹಿನೀರಿನಲ್ಲಿ ಉಪ್ಪನ್ನು ತೊಳೆದುಬಿಡಲೇಬೇಕು, ಉಪ್ಪು ಉಳಿದರೆ ಅದೂ ಹಾನಿಯೇ. ಇದೇ ತಿಳಿವಳಿಕೆಯಿಂದ ಕೊಡಕ್ ಕಂಪನಿಯ ಹೈಪೋ ಕ್ಲಿಯರಿಂಗ್ ಏಜೆಂಟ್ ಬಂತು. ಅದರ ಮುಖ್ಯ ವಸ್ತು ಸೋಡಿಯಂ ಸಲ್ಫೈಟ್. ಇಂದು ಇಲ್‌ಫೋರ್ಡ್ ಹೇಳುವ ಕ್ರಮದಲ್ಲಿ ಒಂದು ನಿಮಿಷದ ಗಾಢ ಫಿಕ್ಸರ್, 5 ನಿಮಿಷ ನೀರು, 10 ನಿಮಿಷ ಇಂಥ ದ್ರಾವಣ, ಮತ್ತೆ 5 ನಿಮಿಷ ನೀರು ಸಾಕು. ಒಂದು ಗಂಟೆಯ ನೀರು ಹತ್ತು ನಿಮಿಷಕ್ಕೆ ಇಳಿಯಿತು.

ನನ್ನ ದೊಡ್ಡಪ್ಪ ಮಾಟುಂಗದ ಹೋಟೆಲಿನಲ್ಲಿ ಕೆಲಸಕ್ಕಿದ್ದಾಗ ಊರಿಗೆ ಕಳಿಸಿದ ಫೋಟೋ ಒಂದು ನನ್ನ ಬಳಿ ಇದೆ, ಹಿಂದೆ 1962 ಎಂದು ಬರೆದಿದೆ. ಎಡಗೆನ್ನೆಯಿಂದ ಅಂಗಿಯ ಕಾಲರಿನವರೆಗೆ ಹಳದಿ ಪಟ್ಟಿ. ಅದೇ ವರ್ಷದ ಅವರ ಧಣಿಗಳ ಮನೆಯ ಮದುವೆ ಫೋಟೋ ನಿನ್ನೆ ತೆಗೆದ ಹಾಗಿದೆ. ರಜೆಯಿಲ್ಲದ ಹುಡುಗರು ಮಧ್ಯಾಹ್ನದ ಬಿಡುವಿನಲ್ಲಿ ಹೋಗಿ ತೆಗೆಸಿಕೊಂಡು, ಸಂಜೆಯೊಳಗೆ ಬೇಕೆಂದು ಕೇಳುತ್ತಿದ್ದ ಅಗ್ಗದ ಪ್ರಿಂಟಿಗೆ ಹತ್ತು ಸಲ ನೀರು ಬದಲಿಸುವುದು ಯಾರಿಗೆ ಗಿಟ್ಟುತ್ತಿತ್ತು? ಮದುವೆಯ ಆಲ್ಬಮ್ಮಿಗೆ ವಾರದ ಗಡುವು, ಅದಕ್ಕೆ ತಕ್ಕ ದುಡ್ಡು. ಯಾರ ಮುಖ ಮೊಮ್ಮಕ್ಕಳವರೆಗೆ ಉಳಿಯಬೇಕು ಎಂಬುದು ಹೀಗೆ ಯಾರೂ ತೀರ್ಮಾನಿಸದೆಯೇ ತೀರ್ಮಾನವಾಗುತ್ತಿತ್ತು. ಇದರಲ್ಲಿ ಸ್ಟುಡಿಯೋದವನನ್ನು ಬೈಯಲು ನನಗೆ ಮನಸ್ಸಿಲ್ಲ. ಅವನ ಬಳಿಯೂ ಇದ್ದದ್ದು ಎರಡು ಬಕೆಟ್ ನೀರೇ ಇರಬಹುದು.

1970ರ ದಶಕದಿಂದ ಪ್ಲಾಸ್ಟಿಕ್ ಲೇಪನದ ಕಾಗದ ಹರಡಿತು. ನಾರಿಗೆ ಹೈಪೋ ಇಳಿಯದ ಕಾರಣ ಅದು ಕೆಲವೇ ನಿಮಿಷಗಳಲ್ಲಿ ಶುದ್ಧವಾಗುತ್ತದೆ. ಆಮೇಲೆ ಬಣ್ಣ, ಆಮೇಲೆ ಡಿಜಿಟಲ್. ತೊಳೆಯುವ ಕೆಲಸವೇ ಮಾಯವಾಯಿತು. ಉಳಿದಿರುವುದು ನಮ್ಮ ಟ್ರಂಕುಗಳಲ್ಲಿರುವ ಫೈಬರ್ ಪ್ರಿಂಟುಗಳು, ಮತ್ತು ಅವುಗಳೊಳಗೆ ಇನ್ನೂ ಕೆಲಸ ಮಾಡುತ್ತಲೇ ಇರುವ ಹೈಪೋ. ತೇವ ಮತ್ತು ಸೆಕೆ ಅದರ ಕೈ ಬಲಪಡಿಸುತ್ತವೆ, ಮುಂಬಯಿಯ ಮಳೆಗಾಲದಲ್ಲಿ ಎರಡೂ ಇವೆ.

ಹಾಗಾಗಿ ಈ ಸಲ ಚೌತಿಗೋ ದೀಪಾವಳಿಗೋ ಊರಿಗೆ ಹೋದಾಗ ಟ್ರಂಕು ತೆರೆಯಿರಿ. ಹಳದಿಯಾಗಲು ಶುರುವಾದದ್ದನ್ನು ಮೊದಲು ಸ್ಕ್ಯಾನ್ ಮಾಡಿಸಿ. ಅಂಟಿನ ಆಲ್ಬಮ್ಮಿಗೆ ಹಾಕಬೇಡಿ, ಲ್ಯಾಮಿನೇಟ್ ಮಾಡಿಸಬೇಡಿ. ಒಂದೊಂದನ್ನೂ ಒಳ್ಳೆಯ ಕಾಗದದ ಲಕೋಟೆಯಲ್ಲಿಟ್ಟು, ಹೊರಗೋಡೆಗೆ ತಾಗದ ಒಣ ಕಪಾಟಿನಲ್ಲಿಡಿ. ಮನೆಯಲ್ಲೇ ಮತ್ತೆ ತೊಳೆಯುವ ಸಾಹಸ ಬೇಡ, ಹಳೆಯ ಜೆಲಟಿನ್ ಕಿತ್ತುಬರಬಹುದು. ತೀರಾ ಬೆಲೆಬಾಳುವಂಥದ್ದಾದರೆ ಸಂರಕ್ಷಣೆಯ ತಜ್ಞರನ್ನು ಕೇಳಿ. ಮುಂಬಯಿಯ ಛತ್ರಪತಿ ಶಿವಾಜಿ ವಸ್ತು ಸಂಗ್ರಹಾಲಯದಲ್ಲಿ ಅಂಥ ಕೇಂದ್ರವಿದೆ. ಫೋಟೋದಲ್ಲಿರುವವರು ಯಾರೆಂದು ಬಲ್ಲ ಹಿರಿಯರು ಮನೆಯಲ್ಲಿದ್ದರೆ, ಅವರನ್ನು ಕೂರಿಸಿಕೊಂಡು ಹಿಂದಿನ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು ಬರೆದಿಡಿ.