ಹ್ಯಾಂಗರಿನೊಳಗಿನ ಎರಡು ಹಲ್ಲಿಗಳು

ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ನಮ್ಮ ಅಜ್ಜಿ ಬೆರಳಿನಿಂದ ನೆಲ ತಟ್ಟಿ ‘ಕೃಷ್ಣ ಕೃಷ್ಣ’ ಎನ್ನುತ್ತಿದ್ದರು. ಆಡಿದ ಮಾತು ನಿಜವೆಂದು ಹಲ್ಲಿ ಸಾಕ್ಷಿ ಹೇಳಿತು ಎಂದರ್ಥ. ದಕ್ಷಿಣದ ಮನೆಗಳಲ್ಲಿ ಹಾಗೆ ಸಾಕ್ಷಿ ಹೇಳುವ ತೀರ ಸಾಮಾನ್ಯ ಹಲ್ಲಿಯ ಹೆಸರು ಹೆಮಿಡ್ಯಾಕ್ಟಿಲಸ್ ಫ್ರೆನೇಟಸ್. ದೆಹಲಿಯ ಓದುಗರು ಗೋಡೆಯ ಮೇಲೆ ನೋಡುವುದು ಹೆಚ್ಚಾಗಿ ಅದರ ದಾಯಾದಿಯನ್ನು, ಮೈ ದಪ್ಪಗಿರುವ, ಹೊಟ್ಟೆ ಹಳದಿಯಾಗಿರುವ ಫ್ಲಾವಿವಿರಿಡಿಸನ್ನು. ಮುಂಬಯಿಯಲ್ಲಿ ಎರಡೂ ಸಿಗುತ್ತವೆ.

ಬೇರೆ ಬೇರೆ ಜಾತಿಯ ಹಲ್ಲಿಗಳನ್ನು ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಸಾಕಬಹುದೇ ಎಂಬುದು ಹಲ್ಲಿ ಸಾಕುವ ಹವ್ಯಾಸಿಗಳ ನಡುವೆ ಮುಗಿಯದ ವಾದ. ಕಚ್ಚಾಡದಿದ್ದರೆ ಸಾಕು, ಹೊಂದಿಕೊಂಡವೆಂದು ತಿಳಿಯಬಹುದು ಎನ್ನುವವರು ಬಹಳ. ಈ ಪ್ರಶ್ನೆಯನ್ನು ಗಾಜಿನ ಪೆಟ್ಟಿಗೆಗಿಂತ ಎಷ್ಟೋ ದೊಡ್ಡದಾದ ಆವರಣದಲ್ಲಿ, ಲೆಕ್ಕವಿಟ್ಟು ಪರೀಕ್ಷಿಸಿದ್ದು ಹವಾಯಿಯಲ್ಲಿ, ಖಾಲಿ ಬಿದ್ದಿದ್ದ ಹಳೆಯ ವಿಮಾನದ ಹ್ಯಾಂಗರುಗಳಲ್ಲಿ.

ಅಲ್ಲಿ ಎದುರುಬದುರಾದ ಎರಡು ಜಾತಿಗಳ ಹೆಸರು ಹುಟ್ಟಿದ್ದು ಒಂದೇ ಪುಸ್ತಕದಲ್ಲಿ. ಪ್ಯಾರಿಸ್ಸಿನ ದ್ಯುಮೆರಿಲ್ ಮತ್ತು ಬಿಬ್ರೋನ್ 1836ರಲ್ಲಿ ಹೊರತಂದ ಸರೀಸೃಪ ಸಂಪುಟದಲ್ಲಿ ನಮ್ಮ ಫ್ರೆನೇಟಸ್ ಇದೆ, ಅದೇ ಸಂಪುಟದಲ್ಲಿ ಲುಗುಬ್ರಿಸ್ ಕೂಡ ಇದೆ. ಫ್ರೆನೇಟಸ್ ಎಂದರೆ ಲ್ಯಾಟಿನ್ನಿನಲ್ಲಿ ಕಡಿವಾಣ ಹಾಕಿದ್ದು, ಲುಗುಬ್ರಿಸ್ ಎಂದರೆ ಶೋಕದಲ್ಲಿರುವುದು. ಮುಂದೆ ನಡೆದದ್ದನ್ನು ನೋಡಿದರೆ ಎರಡನೆಯ ಹೆಸರು ಸರಿಯಾಗಿಯೇ ಬಿದ್ದಿತ್ತು, ಮೊದಲನೆಯದು ಮಾತ್ರ ಪೂರಾ ಸುಳ್ಳಾಯಿತು.

ಲುಗುಬ್ರಿಸ್ ಚಿಕ್ಕದು. ಮೂತಿಯಿಂದ ಬಾಲದ ಬುಡದವರೆಗೆ ಸುಮಾರು 4 ಸೆಂಟಿಮೀಟರ್. ಇದರಲ್ಲಿ ಗಂಡುಗಳು ಇಲ್ಲವೆನ್ನುವಷ್ಟು ಅಪರೂಪ. ಹೆಣ್ಣು ಒಂಟಿಯಾಗಿಯೇ ಮೊಟ್ಟೆಯಿಟ್ಟು ತನ್ನದೇ ನಕಲುಗಳನ್ನು ಹುಟ್ಟಿಸುತ್ತದೆ. ಕ್ಯುಯೆಲ್ಲಾರ್ ಮತ್ತು ಕ್ಲೂಗೆ ಎಂಬ ವಿಜ್ಞಾನಿಗಳು ಇದನ್ನು 1972ರಲ್ಲಿ ವರದಿ ಮಾಡಿದರು. ಒಂದು ಹೆಣ್ಣು ದೋಣಿಯಲ್ಲಿ ಸೇರಿಕೊಂಡರೂ ಒಂದು ದ್ವೀಪ ತುಂಬಲು ಸಾಕು. ಪಾಲಿನೇಷ್ಯನ್ನರ ದೋಣಿಗಳ ಜೊತೆಗೇ ಅದು ಹವಾಯಿಗೆ ಹೋಗಿರಬೇಕೆಂದು ಅಂದಾಜು. ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಹಡಗಿನ ಸರಕಿನ ಸಂದಿಯಲ್ಲಿ ಅಡಗಿ ಅಲ್ಲಿಗೆ ಬಂದಿಳಿದದ್ದು ಫ್ರೆನೇಟಸ್. ಕೆಲವೇ ದಶಕಗಳಲ್ಲಿ ಊರುಗಳ ಗೋಡೆಗಳಿಂದ ಚಿಕ್ಕ ಹಲ್ಲಿ ಕಡಿಮೆಯಾಗುತ್ತಾ ಬಂತು. ವಿಚಿತ್ರವೆಂದರೆ, ದೀಪವಿಲ್ಲದ ಕಾಡಿನ ಕಡೆ ಅದಕ್ಕೆ ಅಷ್ಟು ಹಾನಿಯಾಗಿರಲಿಲ್ಲ.

ಪೆಟ್ರೆನ್, ಬೋಲ್ಜರ್ ಮತ್ತು ಕೇಸ್ ಹ್ಯಾಂಗರುಗಳಲ್ಲಿ ಹಲ್ಲಿಗಳನ್ನು ಬಿಟ್ಟು, ಕೆಲವು ಕಡೆ ದೀಪ ಹಾಕಿ, ಕೆಲವು ಕಡೆ ಹಾಕದೆ ನೋಡಿದರು. 1993ರಲ್ಲಿ ಪ್ರಕಟವಾದ ಫಲಿತಾಂಶದ ತಿರುಳು ಇಷ್ಟು: ದೀಪಕ್ಕೆ ಹುಳುಗಳು ಒಂದೆಡೆ ಮುತ್ತಿದಾಗ ದೊಡ್ಡ ಹಲ್ಲಿ ಮೇಲುಗೈ ಸಾಧಿಸುತ್ತದೆ. ಚಿಕ್ಕದು ಎದುರು ನಿಲ್ಲುವುದಿಲ್ಲ, ದೂರ ಸರಿಯುತ್ತದೆ. ಪೆಟ್ರೆನ್ ಮತ್ತು ಕೇಸ್ 1996ರಲ್ಲಿ ತೋರಿಸಿದ್ದು ಇನ್ನೂ ಕಠೋರವಾದದ್ದು. ಜಗಳವೇ ಬೇಕಿಲ್ಲ. ಫ್ರೆನೇಟಸ್ ಹುಳುಗಳನ್ನು ಎಷ್ಟು ಬೇಗ ಖಾಲಿ ಮಾಡುತ್ತದೆಂದರೆ ಲುಗುಬ್ರಿಸ್ ಬಡಕಲಾಗುತ್ತದೆ, ಮೊಟ್ಟೆಗಳು ಕಡಿಮೆಯಾಗುತ್ತವೆ, ಬದುಕಿ ಉಳಿಯುವವೂ ಕಡಿಮೆ. ‘ಕಚ್ಚಾಡದಿದ್ದರೆ ಸಾಕು’ ಎಂಬ ಹವ್ಯಾಸಿಗಳ ಮಾತು ಇಲ್ಲಿ ಬಿದ್ದುಹೋಗುತ್ತದೆ. ನೋಡುವವರ ಕಣ್ಣಿಗೆ ಗೋಡೆ ಶಾಂತವಾಗಿಯೇ ಇರುತ್ತದೆ. ಒಂದು ಹಲ್ಲಿ ಮಾತ್ರ ಉಪವಾಸ ಬೀಳುತ್ತಿರುತ್ತದೆ.

ನನಗೆ ಅತಿ ಹಿಡಿಸಿದ್ದು 1998ರ ಮೂರನೆಯ ಪ್ರಯೋಗ. ಈ ಸಲ ಅವರು ಹಲ್ಲಿಗಳನ್ನು ಬದಲಿಸಲಿಲ್ಲ, ಗೋಡೆಯನ್ನು ಬದಲಿಸಿದರು. ಸಪಾಟು ಮೈಗೆ ಅಡ್ಡಿತಡೆಗಳನ್ನು ಕೂಡಿಸಿದರು. ಬಯಲಿನಂಥ ಗೋಡೆಯಲ್ಲಿ ದೂರದ ಹುಳುವನ್ನು ಕಂಡೊಡನೆ ಓಡಿ ಹಿಡಿಯುತ್ತಿದ್ದ ಫ್ರೆನೇಟಸ್‌ಗೆ ಈಗ ಹುಳುಗಳನ್ನು ಮೊದಲಿನಂತೆ ಬಾಚಿಕೊಳ್ಳಲು ಆಗಲಿಲ್ಲ. ಚಿಕ್ಕದರ ಮೇಲಿದ್ದ ಒತ್ತಡ ತಗ್ಗಿತು. ಅಂದರೆ ಫ್ರೆನೇಟಸನ್ನು ಅಷ್ಟು ಬಲಶಾಲಿ ಮಾಡಿದ್ದರಲ್ಲಿ ನುಣುಪು ಗಾರೆ ಮಾಡಿ, ಸುಣ್ಣ ಬಳಿದು, ಬಲ್ಬು ತೂಗುಹಾಕಿದ ನಮ್ಮ ಪಾಲೂ ಇದೆ. ಮಾಟುಂಗಾದ ನನ್ನ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಯಾವಾಗಲೂ ಒಂದೇ ದಪ್ಪ ಹಲ್ಲಿ ಕೂತಿರುತ್ತದೆ. ಉಳಿದವು ಚೌಕಟ್ಟಿನ ಸಂದಿಯಿಂದ ತಲೆ ಮಾತ್ರ ಹೊರಹಾಕುತ್ತವೆ. ಇದನ್ನೆಲ್ಲ ಓದಿದ ಮೇಲೆ ಆ ದೀಪವನ್ನು ಬೇಗ ಆರಿಸುವ ಅಭ್ಯಾಸವಾಗಿದೆ.

ಹವಾಯಿಯ ಕಥೆಯಲ್ಲಿ ಇಬ್ಬರೂ ವಲಸೆಗಾರರು. ಲುಗುಬ್ರಿಸ್ ಇಂದಿಗೂ ಶಾಂತಸಾಗರದ ಉದ್ದಗಲಕ್ಕೆ ಇದೆ. ಮಾರಿಷಸ್‌ನಲ್ಲಿ ಹಾಗಲ್ಲ. ನ್ಯಾಕ್ಟಸ್ ಕುಲದ ಅಲ್ಲಿಯ ಪುಟ್ಟ ರಾತ್ರಿಹಲ್ಲಿ ಜಾತಿಗಳು ಮೂಲನಿವಾಸಿಗಳು, ಬೇರೆಲ್ಲೂ ಸಿಗದವು. ಫ್ರೆನೇಟಸ್ ಅಲ್ಲಿಗೂ ಹೋಯಿತು. ಕೋಲ್, ಜೋನ್ಸ್ ಮತ್ತು ಹ್ಯಾರಿಸ್ ಎರಡನ್ನೂ ಆವರಣದೊಳಗೆ ಕೂಡಿಟ್ಟು ನೋಡಿ 2005ರಲ್ಲಿ ಬರೆದರು: ಇಲ್ಲಿ ಪೈಪೋಟಿ ಊಟಕ್ಕಿಂತ ಅಡಗುವ ಬಿರುಕಿಗೆ. ಬಿರುಕಿನಿಂದ ಹೊರದೂಡಲ್ಪಟ್ಟ ಚಿಕ್ಕ ಹಲ್ಲಿಗೆ ಶತ್ರುಗಳಿಂದ ಮರೆಯಿಲ್ಲ.

ಮುಖ್ಯ ದ್ವೀಪದಲ್ಲಿ ನ್ಯಾಕ್ಟಸ್ ಈಗ ಇಲ್ಲ. ಕರಾವಳಿಯಾಚೆಯ ಕೆಲವು ನಡುಗಡ್ಡೆಗಳಲ್ಲಿ ಉಳಿದಿದೆ. ಫ್ರೆನೇಟಸ್ ಬಂದ ಮೇಲೂ ಅದು ಉಳಿದುಕೊಂಡದ್ದು ಮುಟ್ಟಿದರೆ ಪುಡಿಯುದುರುವ ಜ್ವಾಲಾಮುಖಿ ಬೂದಿಗಲ್ಲಿನ ಜಾಗಗಳಲ್ಲಿ. ಗಾಜಿಗೂ ಸುಣ್ಣದ ಗೋಡೆಗೂ ಅಂಟುವ ಫ್ರೆನೇಟಸ್‌ನ ಬೆರಳಿನ ಮೆತ್ತೆ ಆ ಪುಡಿಯ ಮೇಲೆ ಹಿಡಿತ ತಪ್ಪುತ್ತದೆ. ನ್ಯಾಕ್ಟಸ್‌ಗೆ ಅಂಥ ಮೆತ್ತೆಯೇ ಇಲ್ಲ, ಬರೀ ಉಗುರು.